ದುಡಿಯಗೊಡದ ದಿನಗಳ ವೇತನ: ಅಮೆರಿಕದ ದಾಖಲೆರಹಿತ ಕಾರ್ಮಿಕರು ಮತ್ತು ಹಿಂಬಾಕಿಯ ಹಕ್ಕು

ಕಾರ್ಮಿಕನೊಬ್ಬನನ್ನು ಕಾನೂನಿಗೆ ವಿರುದ್ಧವಾಗಿ ಕೆಲಸದಿಂದ ತೆಗೆದಾಗ ಅವನಿಗೆ ಸಲ್ಲಬೇಕಾದದ್ದು ಏನು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಕಾರ್ಮಿಕ ಕಾನೂನು ಬಹುಮಟ್ಟಿಗೆ ಒಂದೇ ಉತ್ತರ ಕೊಟ್ಟಿದೆ: ವಜಾ ನಡೆಯದೇ ಇದ್ದಿದ್ದರೆ ಅವನು ಯಾವ ಸ್ಥಿತಿಯಲ್ಲಿರುತ್ತಿದ್ದನೋ ಆ ಸ್ಥಿತಿಗೆ ಅವನನ್ನು ಮರಳಿಸಬೇಕು, ಅಂದರೆ ಕೆಲಸವನ್ನು ಹಿಂದಿರುಗಿಸಬೇಕು, ಹೊರಗಿಟ್ಟ ಅವಧಿಯ ಸಂಬಳವನ್ನೂ ತುಂಬಿಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಭಾರತದ ಕಾರ್ಮಿಕ ನ್ಯಾಯಾಲಯಗಳು ಕೊಡಿಸುತ್ತಿದ್ದ ಈ ಮೊತ್ತವನ್ನು ಕನ್ನಡದಲ್ಲಿ ಹಿಂಬಾಕಿ ವೇತನವೆಂದೂ ಕಾರ್ಖಾನೆಯ ಗೇಟಿನ ಬಳಿಯ ಮಾತಿನಲ್ಲಿ ಬ್ಯಾಕ್ ವೇಜಸ್ ಎಂದೂ ಕರೆಯುವುದು ರೂಢಿ. ಆದರೆ ಆ ಕಾರ್ಮಿಕ ಪರದೇಶದಿಂದ ಬಂದವನಾಗಿದ್ದು, ಅಲ್ಲಿ ನೆಲಸುವುದಕ್ಕಾಗಲಿ ದುಡಿಯುವುದಕ್ಕಾಗಲಿ ಸರ್ಕಾರದ ಅನುಮತಿ ಇಲ್ಲದವನಾಗಿದ್ದರೆ ಇದೇ ಉತ್ತರ ಅವನಿಗೂ ಅನ್ವಯಿಸುತ್ತದೆಯೇ ಎಂಬುದು ಅಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಎರಡು ಬಾರಿ ಬಂದಿತು; ಮೊದಲ ಬಾರಿ 1984ರಲ್ಲಿ, ಚಿಕಾಗೊ ನಗರದ ಚರ್ಮ ಹದಮಾಡುವ ಚಿಕ್ಕ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ, ಎರಡನೆಯ ಬಾರಿ 2002ರಲ್ಲಿ, ಕ್ಯಾಲಿಫೋರ್ನಿಯಾದ ಪ್ಲಾಸ್ಟಿಕ್ ಮಿಶ್ರಣದ ಕಾರ್ಖಾನೆಯೊಂದರ ಮೊಕದ್ದಮೆಯಲ್ಲಿ.

ಈ ಚರಿತ್ರೆಯ ಬುಡ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆಯಲ್ಲಿದೆ. ಅದನ್ನು ಮಂಡಿಸಿದ ಸೆನೆಟರ್ ರಾಬರ್ಟ್ ವ್ಯಾಗ್ನರ್ ಅವರ ಹೆಸರಿನಿಂದ ವ್ಯಾಗ್ನರ್ ಕಾಯ್ದೆಯೆಂದೇ ಪ್ರಸಿದ್ಧವಾದ ಈ ಶಾಸನಕ್ಕೆ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಆ ವರ್ಷದ ಜುಲೈ 5ರಂದು ಸಹಿ ಹಾಕಿದರು. ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಅದು ಮಾನ್ಯ ಮಾಡಿತು, ಸಂಘಕ್ಕೆ ಸೇರಿದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಕೂಡದೆಂದು ವಿಧಿಸಿತು, ದೂರುಗಳ ವಿಚಾರಣೆಗೆ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯನ್ನು ಸ್ಥಾಪಿಸಿತು. ಆದರೆ ಈ ಮಂಡಳಿಗೆ ತಪ್ಪಿತಸ್ಥ ಮಾಲೀಕನಿಗೆ ದಂಡ ಹಾಕುವ ಅಧಿಕಾರವನ್ನು ಶಾಸನ ಕೊಡಲಿಲ್ಲ. ಮಂಡಳಿ ಮಾಡಬಹುದಾಗಿದ್ದದ್ದು ಇಷ್ಟು: ಇನ್ನು ಮುಂದೆ ಹಾಗೆ ಮಾಡದಂತೆ ಮಾಲೀಕನಿಗೆ ಆಜ್ಞಾಪಿಸುವುದು, ಆ ಆಜ್ಞೆಯ ಸೂಚನಾಪತ್ರವನ್ನು ಕಾರ್ಖಾನೆಯ ಗೋಡೆಯ ಮೇಲೆ ಅಂಟಿಸುವಂತೆ ಹೇಳುವುದು, ತೆಗೆದುಹಾಕಿದವನನ್ನು ಮರಳಿ ಸೇರಿಸಿಕೊಳ್ಳುವಂತೆ ಮತ್ತು ಅವನ ಹಿಂಬಾಕಿಯನ್ನು ಕೊಡುವಂತೆ ಆದೇಶಿಸುವುದು. ಇವುಗಳಲ್ಲಿ ಮಾಲೀಕನ ಗಲ್ಲಾಪೆಟ್ಟಿಗೆಯನ್ನು ಮುಟ್ಟುವಂಥದ್ದು ಹಿಂಬಾಕಿಯೊಂದೇ ಎಂಬುದನ್ನು ಮುಂದಿನ ಎಲ್ಲ ವಾದವಿವಾದಗಳನ್ನು ಓದುವಾಗ ನೆನಪಿನಲ್ಲಿಡಬೇಕು. ಆ ಹಿಂಬಾಕಿಯೂ ಪೂರ್ತಿ ಮೊತ್ತವಲ್ಲ. ಅರಿಜೋನಾದ ತಾಮ್ರದ ಗಣಿಯೊಂದರ ಕಾರ್ಮಿಕರಿಗೆ ಸಂಬಂಧಿಸಿದ ಫೆಲ್ಪ್ಸ್ ಡಾಡ್ಜ್ ಮೊಕದ್ದಮೆಯಲ್ಲಿ 1941ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದಂತೆ, ವಜಾಗೊಂಡವನು ಆ ಅವಧಿಯಲ್ಲಿ ಬೇರೆಡೆ ಗಳಿಸಿದ್ದನ್ನೂ, ಪ್ರಯತ್ನಪಟ್ಟಿದ್ದರೆ ಗಳಿಸಬಹುದಾಗಿದ್ದದ್ದನ್ನೂ ಅದರಲ್ಲಿ ಕಳೆಯಲಾಗುತ್ತದೆ. ನಷ್ಟವನ್ನು ತಗ್ಗಿಸಿಕೊಳ್ಳುವ ಹೊಣೆ ಎಂಬ ಈ ತತ್ತ್ವದ ಪ್ರಕಾರ ವಜಾಗೊಂಡವನು ಕೈಕಟ್ಟಿ ಕೂಡದೆ ಬೇರೆ ಕೆಲಸ ಹುಡುಕಲೇಬೇಕು; ಆರು ದಶಕಗಳ ನಂತರ ದಾಖಲೆಯಿಲ್ಲದ ಕಾರ್ಮಿಕರ ಕೊರಳಿಗೆ ಉರುಳಾದ ವಾದಗಳಲ್ಲಿ ಇದೂ ಒಂದು. ಹೊಲಗದ್ದೆಗಳ ಕೂಲಿಗಳನ್ನೂ ಮನೆಗೆಲಸದವರನ್ನೂ ಕಾಯ್ದೆ ಮೊದಲಿನಿಂದಲೇ ತನ್ನ ವ್ಯಾಪ್ತಿಯ ಹೊರಗಿಟ್ಟಿತ್ತಾದ್ದರಿಂದ ವಲಸೆ ಬಂದವರಲ್ಲಿ ದೊಡ್ಡದೊಂದು ಪಾಲಿಗೆ ಈ ರಕ್ಷಣೆ ಯಾವ ಕಾಲದಲ್ಲಿಯೂ ಸಿಗಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

ಮೆಕ್ಸಿಕೊದಿಂದ ಬಂದ ಕೂಲಿಗಳು ಕಾರ್ಖಾನೆಗಳಲ್ಲಿ ಕಾಗದಪತ್ರವಿಲ್ಲದೆ ದುಡಿಯುವ ಸ್ಥಿತಿ ಉಂಟಾದದ್ದರ ಹಿಂದೆ ಅಮೆರಿಕದ ಸ್ವಂತ ನೀತಿಯ ಪಾತ್ರವಿದೆ. 1942ರಿಂದ 1964ರವರೆಗೆ ನಡೆದ ಬ್ರಸೆರೊ ಯೋಜನೆಯಡಿ, ಅಂದರೆ ಎರಡು ಸರ್ಕಾರಗಳ ಒಪ್ಪಂದದ ಮೇರೆಗೆ ಋತುಮಾನದ ಕೆಲಸಕ್ಕೆ ಆಳುಗಳನ್ನು ಕರೆಸಿಕೊಳ್ಳುವ ಏರ್ಪಾಡಿನಡಿ, 40 ಲಕ್ಷಕ್ಕೂ ಹೆಚ್ಚು ಕೂಲಿ ಒಪ್ಪಂದಗಳಾದವು. ಯೋಜನೆ ನಿಂತ ಮೇಲೂ ಮಾಲೀಕರಿಗೆ ಆಳುಗಳು ಬೇಕಾಗಿದ್ದರು, ಊರುಗಳಿಗೆ ಸಂಪಾದನೆ ಬೇಕಾಗಿತ್ತು. ಆದರೆ 1965ರ ವಲಸೆ ಕಾಯ್ದೆ ಪಶ್ಚಿಮ ಗೋಳಾರ್ಧದ ದೇಶಗಳಿಗೆ ಮೊದಲ ಬಾರಿಗೆ ಸಂಖ್ಯಾಮಿತಿಯನ್ನು ತಂದಿತು, 1976ರ ತಿದ್ದುಪಡಿ ಮೆಕ್ಸಿಕೊವನ್ನೂ ವರ್ಷಕ್ಕೆ 20,000 ವೀಸಾಗಳ ಮಿತಿಗೆ ಒಳಪಡಿಸಿತು. ದಾರಿ ಹಳೆಯದೇ, ಕೆಲಸ ಹಳೆಯದೇ, ನಡೆಯುವವನ ಹೆಸರು ಮಾತ್ರ ಅಕ್ರಮ ವಲಸಿಗನೆಂದು ಬದಲಾಯಿತು.

ಚಿಕಾಗೊದ ಶೂರ್-ಟ್ಯಾನ್ ಸಂಸ್ಥೆಯ ಪ್ರಕರಣ ನಡೆದದ್ದು ಇದೇ 1976ರಲ್ಲಿ. ಒಟ್ಟು ಹನ್ನೊಂದು ಮಂದಿ ಕೆಲಸಗಾರರಿದ್ದ, ಅವರಲ್ಲಿ ಹೆಚ್ಚಿನವರು ಮೆಕ್ಸಿಕೊದವರಾಗಿದ್ದ ಈ ಸಂಸ್ಥೆಯಲ್ಲಿ ಡಿಸೆಂಬರ್ 10ರಂದು ಮಂಡಳಿಯ ಉಸ್ತುವಾರಿಯಲ್ಲಿ ಸಂಘಕ್ಕೆ ಮಾನ್ಯತೆ ನೀಡಬೇಕೇ ಎಂಬ ಬಗ್ಗೆ ಮತದಾನ ನಡೆದು ಸಂಘ ಗೆದ್ದಿತು. ಮತದಾನ ಮುಗಿದು ಎರಡು ಗಂಟೆಗಳಾಗುವಷ್ಟರಲ್ಲಿ ಮಾಲೀಕ ಕೆಲಸಗಾರರನ್ನು ಸೇರಿಸಿ, ಸಂಘಕ್ಕೆ ಏಕೆ ಮತ ಹಾಕಿದಿರೆಂದು ಕೇಳಿ, ಬೈದು, ನಿಮ್ಮ ಬಳಿ ವಲಸೆಯ ಕಾಗದಗಳಿವೆಯೇ ಎಂದು ವಿಚಾರಿಸಿದನು, ಹಲವರು ಇಲ್ಲವೆಂದರು. ಚುನಾವಣೆಯನ್ನು ಪ್ರಶ್ನಿಸಿ ಅವನು ಸಲ್ಲಿಸಿದ್ದ ಆಕ್ಷೇಪಗಳು 1977ರ ಜನವರಿ 19ರಂದು ತಿರಸ್ಕೃತವಾದವು. ಮರುದಿನವೇ ಅವನು ವಲಸೆ ಇಲಾಖೆಗೆ ಪತ್ರ ಬರೆದು ತನ್ನದೇ ಕೆಲಸಗಾರರ ಕಾಗದಪತ್ರಗಳನ್ನು ಆದಷ್ಟು ಬೇಗ ಪರಿಶೀಲಿಸಬೇಕೆಂದು ಕೋರಿದನು. ಫೆಬ್ರವರಿ 18ರಂದು ಅಧಿಕಾರಿಗಳು ಬಂದು ಐವರನ್ನು ಬಂಧಿಸಿದರು. ಗಡಿಪಾರಿನ ಬದಲು ತಾವಾಗಿಯೇ ಹೊರಟುಹೋಗುವುದಾಗಿ ಐವರಿಂದಲೂ ಸಹಿ ಪಡೆಯಲಾಯಿತು, ಹೊತ್ತು ಮುಳುಗುವ ವೇಳೆಗೆ ಐವರೂ ಮೆಕ್ಸಿಕೊದ ಕಡೆಗೆ ಹೊರಟ ಬಸ್ಸಿನಲ್ಲಿದ್ದರು. ಮಾರ್ಚ್ 29ರಂದು ಮಾಲೀಕ ಅವರಿಗೆ ಮೆಕ್ಸಿಕೊಗೆ ಪತ್ರ ಬರೆದು, ಮೇ 1ರೊಳಗೆ ಬಂದರೆ ಕೆಲಸ ಕೊಡುವುದಾಗಿ ತಿಳಿಸಿದನು. ಆ ಪತ್ರಗಳು ಇಂಗ್ಲಿಷಿನಲ್ಲಿದ್ದವು.

ಏಳು ವರ್ಷಗಳ ನಂತರ, 1984ರ ಜೂನ್ 25ರಂದು, ನ್ಯಾಯಮೂರ್ತಿ ಸಾಂಡ್ರಾ ಡೇ ಒ'ಕಾನರ್ ಬರೆದ ತೀರ್ಪು ಎರಡು ಮಾತುಗಳನ್ನು ಹೇಳಿತು. ದಾಖಲೆಯಿಲ್ಲದವನೂ ವ್ಯಾಗ್ನರ್ ಕಾಯ್ದೆಯ ಅರ್ಥದಲ್ಲಿ ನೌಕರನೇ, ಸಂಘ ಕಟ್ಟಿದ್ದಕ್ಕೆ ಸೇಡಾಗಿ ಅವನನ್ನು ವಲಸೆ ಇಲಾಖೆಗೆ ಹಿಡಿದುಕೊಡುವುದು ಕಾನೂನುಬಾಹಿರ ವಜಾಕ್ಕೆ ಸಮ ಎಂಬುದು ಮೊದಲನೆಯದು. ಆದರೆ ದೇಶದಿಂದ ಹೊರಗಿರುವವನು, ಕಾನೂನುಬದ್ಧವಾಗಿ ಮರಳಿ ಬಂದು ದುಡಿಯಲು ಲಭ್ಯನಾಗುವವರೆಗೆ, ಹಿಂಬಾಕಿಗೆ ಅರ್ಹನಲ್ಲ ಎಂಬುದು ಎರಡನೆಯದು. ಕೆಳಗಿನ ಮೇಲ್ಮನವಿ ನ್ಯಾಯಾಲಯ ಕನಿಷ್ಠ ಆರು ತಿಂಗಳ ವೇತನವನ್ನಾದರೂ ಕೊಡಿಸಬೇಕೆಂದಿತ್ತು, ಕೆಲಸದ ಆಹ್ವಾನ ಸ್ಪ್ಯಾನಿಷ್ ಭಾಷೆಯಲ್ಲಿರಬೇಕು ಮತ್ತು ನಾಲ್ಕು ವರ್ಷ ತೆರೆದಿರಬೇಕು ಎಂದಿತ್ತು. ಸುಪ್ರೀಂ ಕೋರ್ಟು ಅವೆಲ್ಲವನ್ನೂ ತೆಗೆದುಹಾಕಿತು. ತಪ್ಪು ನಡೆದಿದೆಯೆಂದು ಒಪ್ಪಿಕೊಂಡ ನ್ಯಾಯಾಲಯವೇ ಆ ತಪ್ಪಿಗೆ ಬೆಲೆ ಕಟ್ಟಲು ಹಿಂಜರಿದದ್ದು ಈ ತೀರ್ಪಿನ ತಿರುಳು, ಮುಂದಿನ ಗೊಂದಲಕ್ಕೆಲ್ಲ ಬೀಜ ಬಿದ್ದದ್ದೂ ಇಲ್ಲಿಯೇ. ಗಡಿ ದಾಟಿ ಹೋಗದೆ ಅಮೆರಿಕದಲ್ಲಿಯೇ ಉಳಿದವನ ಗತಿಯೇನು ಎಂಬುದನ್ನು ತೀರ್ಪು ನೇರವಾಗಿ ಹೇಳಿರಲಿಲ್ಲ. ಪಶ್ಚಿಮದ ರಾಜ್ಯಗಳ ಒಂಬತ್ತನೆಯ ಮೇಲ್ಮನವಿ ನ್ಯಾಯಾಲಯ 1986ರಲ್ಲಿ ಫೆಲ್‌ಬ್ರೊ ಸಂಸ್ಥೆಯ ಮೊಕದ್ದಮೆಯಲ್ಲಿ ಅಂಥವರಿಗೆ ಹಿಂಬಾಕಿ ಸಲ್ಲುತ್ತದೆಯೆಂದರೆ, ಚಿಕಾಗೊದ ಏಳನೆಯ ನ್ಯಾಯಾಲಯ 1992ರಲ್ಲಿ ರೊಟ್ಟಿ ತಯಾರಿಕೆಯ ಡೆಲ್ ರೇ ಸಂಸ್ಥೆಯ ಮೊಕದ್ದಮೆಯಲ್ಲಿ ಸಲ್ಲುವುದಿಲ್ಲವೆಂದಿತು.

ಈ ನಡುವೆ 1986ರ ನವೆಂಬರ್ 6ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ವಲಸೆ ಸುಧಾರಣೆ ಮತ್ತು ನಿಯಂತ್ರಣ ಕಾಯ್ದೆ ಕಾರ್ಖಾನೆಯ ಬಾಗಿಲಿಗೆ ಹೊಸ ಕಾವಲನ್ನು ತಂದಿತು. 1982ಕ್ಕೆ ಮೊದಲಿನಿಂದ ನೆಲಸಿದ್ದವರೂ ಕೆಲವು ಕೃಷಿ ಕೂಲಿಗಳೂ ಸೇರಿ ಸುಮಾರು 27 ಲಕ್ಷ ಮಂದಿಗೆ ಅದು ಸಕ್ರಮದ ಹಾದಿ ತೆರೆಯಿತಾದರೂ, ಅನುಮತಿ ಇಲ್ಲದವರನ್ನು ತಿಳಿದೂ ಕೆಲಸಕ್ಕಿಟ್ಟುಕೊಳ್ಳುವುದನ್ನು ರಾಷ್ಟ್ರಮಟ್ಟದಲ್ಲಿ ಮೊದಲ ಬಾರಿಗೆ ಅಪರಾಧವಾಗಿಸಿತು. ಪ್ರತಿಯೊಬ್ಬ ಹೊಸ ನೌಕರನಿಗೂ ಐ-9 ಎಂಬ ನಮೂನೆ ತುಂಬಿಸಿ, ಗುರುತಿನ ಮತ್ತು ದುಡಿಮೆಯ ಅನುಮತಿಯ ದಾಖಲೆಗಳನ್ನು ಮಾಲೀಕ ನೋಡಬೇಕು. ಮೇಲ್ನೋಟಕ್ಕೆ ಅವು ಅಸಲಿಯೆಂದು ತೋರಿದರೆ ಅವನ ಹೊಣೆ ಅಲ್ಲಿಗೆ ತೀರಿತು. ಸುಳ್ಳು ದಾಖಲೆ ತಂದವನ ಮೇಲೆ ಅಪರಾಧ, ನೋಡಿ ಒಳಗೆ ಬಿಟ್ಟುಕೊಂಡವನಿಗೆ ನಿರಾಳ ಎಂಬಂತಾದ ಈ ಏರ್ಪಾಡನ್ನು ಅಂದು ಕಾರ್ಮಿಕ ಸಂಘಗಳ ಮಹಾ ಒಕ್ಕೂಟವಾದ ಎಎಫ್‌ಎಲ್-ಸಿಐಒ ಕೂಡ ಬೆಂಬಲಿಸಿತ್ತು. ಆ ನಿಲುವನ್ನು ಅದು ಕೈಬಿಟ್ಟದ್ದು 2000ದ ಫೆಬ್ರವರಿಯಲ್ಲಿ. ಹೊಸ ಕಾಯ್ದೆ ಕಾರ್ಮಿಕ ರಕ್ಷಣೆಗಳನ್ನು ಮೊಟಕುಗೊಳಿಸಲು ಉದ್ದೇಶಿಸಿಲ್ಲವೆಂದು ಪ್ರತಿನಿಧಿಸಭೆಯ ಸಮಿತಿ ತನ್ನ ವರದಿಯಲ್ಲಿ ಬರೆದಿತ್ತು. ಆದರೆ ವರದಿಯ ಮಾತು ಕಾಯ್ದೆಯ ಕಲಮಾಗಿರಲಿಲ್ಲ.

ಕ್ಯಾಲಿಫೋರ್ನಿಯಾದ ಪ್ಯಾರಮೌಂಟ್ ಪಟ್ಟಣದಲ್ಲಿ ಹಾಫ್‌ಮನ್ ಪ್ಲಾಸ್ಟಿಕ್ ಕಾಂಪೌಂಡ್ಸ್ ಎಂಬ ಸಂಸ್ಥೆ ಔಷಧ, ಕಟ್ಟಡ ಮತ್ತು ಗೃಹೋಪಯೋಗಿ ವಸ್ತುಗಳ ತಯಾರಕರಿಗೆ ಬೇಕಾದ ರಾಸಾಯನಿಕ ಮಿಶ್ರಣಗಳನ್ನು ಅವರವರ ಬೇಡಿಕೆಯ ಹದಕ್ಕೆ ತಯಾರಿಸಿಕೊಡುತ್ತಿತ್ತು. 1988ರ ಮೇ ತಿಂಗಳಲ್ಲಿ ಅಲ್ಲಿ ಒಬ್ಬ ಕಾರ್ಮಿಕ ಸೇರಿಕೊಂಡು, ಮಿಶ್ರಣಗಳನ್ನು ಕಲಸಿ ಬೇಯಿಸುವ ಯಂತ್ರಗಳನ್ನು ನಡೆಸತೊಡಗಿದನು. ಸೇರುವಾಗ ಅವನು ತೋರಿಸಿದ ಕಾಗದಗಳು ಸರಿಯಾಗಿಯೇ ಕಂಡಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಕಾರ್ಮಿಕರ ಸಂಘ ಅಲ್ಲಿ ಸಂಘಟನೆ ಆರಂಭಿಸಿದಾಗ ಅವನೂ ಕೆಲವು ಜೊತೆಗಾರರೂ ಸದಸ್ಯತ್ವದ ಚೀಟಿಗಳನ್ನು ಹಂಚಿದರು. 1989ರ ಜನವರಿಯಲ್ಲಿ ಅವರನ್ನು ಕೆಲಸದಿಂದ ಕಳುಹಿಸಲಾಯಿತು. ಮೂರು ವರ್ಷಗಳ ನಂತರ, 1992ರ ಜನವರಿಯಲ್ಲಿ, ಸಂಘದ ಬೆಂಬಲಿಗರನ್ನು ತೊಲಗಿಸುವುದಕ್ಕಾಗಿಯೇ ಸಂಸ್ಥೆ ನಾಲ್ವರನ್ನು ಆರಿಸಿ ತೆಗೆದಿದೆಯೆಂದು ಮಂಡಳಿ ತೀರ್ಮಾನಿಸಿ, ಮರುನೇಮಕಕ್ಕೂ ಹಿಂಬಾಕಿಗೂ ಆದೇಶಿಸಿತು.

ಯಾರಿಗೆ ಎಷ್ಟು ಸಲ್ಲಬೇಕೆಂದು ಲೆಕ್ಕಹಾಕುವುದಕ್ಕೆ ಪ್ರತ್ಯೇಕ ವಿಚಾರಣೆ ನಡೆಯುವುದು ಮಂಡಳಿಯ ಕ್ರಮ. 1993ರ ಜೂನ್ ತಿಂಗಳಲ್ಲಿ ನಡೆದ ಆ ವಿಚಾರಣೆಯ ಕೊನೆಯ ದಿನ ಸಾಕ್ಷಿಕಟ್ಟೆಯಲ್ಲಿದ್ದ ಈ ಕಾರ್ಮಿಕ, ತಾನು ಹುಟ್ಟಿದ್ದು ಮೆಕ್ಸಿಕೊದಲ್ಲಿಯೆಂದೂ, ದುಡಿಯಲು ತನಗೆ ಅನುಮತಿ ಇಲ್ಲವೆಂದೂ, ಟೆಕ್ಸಾಸಿನಲ್ಲಿ ಹುಟ್ಟಿದ ಸ್ನೇಹಿತನೊಬ್ಬನ ಜನನಪತ್ರವನ್ನು ತೋರಿಸಿ ಕೆಲಸ ಪಡೆದದ್ದೆಂದೂ ಹೇಳಿದನು. ಅದೇ ಜನನಪತ್ರದಿಂದ ಅವನು ವಾಹನ ಚಾಲನೆಯ ಪರವಾನಗಿಯನ್ನೂ ಸಾಮಾಜಿಕ ಭದ್ರತಾ ಚೀಟಿಯನ್ನೂ ಪಡೆದಿದ್ದನು, ವಜಾಗೊಂಡ ಮೇಲೆ ಬೇರೆ ಕೆಲಸವನ್ನೂ ಹಿಡಿದಿದ್ದನು. ಸ್ನೇಹಿತನಿಂದ ಕೈಗೆ ಬಂದ ಆ ಒಂದು ಹಾಳೆಯ ಸುತ್ತ ಮುಂದಿನ ಒಂಬತ್ತು ವರ್ಷಗಳ ವ್ಯಾಜ್ಯ ಸುತ್ತಿತು, ಸಂಸ್ಥೆ ಮಾಡಿದ ತಪ್ಪು ಮಾತ್ರ ವಾದದ ಮಧ್ಯದಿಂದ ಮೆಲ್ಲಗೆ ಸರಿದುಹೋಯಿತು.

ವಿಚಾರಣೆ ನಡೆಸಿದ ನ್ಯಾಯಾಧಿಕಾರಿ ಅವನಿಗೆ ಏನೂ ಸಲ್ಲದೆಂದರು. 1998ರ ಸೆಪ್ಟೆಂಬರಿನಲ್ಲಿ ಮಂಡಳಿ ಆ ನಿರ್ಣಯವನ್ನು ತಿರುಗಿಸಿ, ವಜಾಗೊಂಡ ದಿನದಿಂದ ಅವನ ಸ್ಥಿತಿ ಸಂಸ್ಥೆಗೆ ತಿಳಿದ ದಿನದವರೆಗಿನ ಅವಧಿಗೆ 66,951 ಡಾಲರ್‌ಗಳನ್ನೂ ಬಡ್ಡಿಯನ್ನೂ ಕೊಡಬೇಕೆಂದು ಆದೇಶಿಸಿತು. ಮರುನೇಮಕವನ್ನು ಅದು ಕೇಳಲಿಲ್ಲ, ದಿನಾಂಕವನ್ನೂ ಹಿಗ್ಗಿಸಲಿಲ್ಲ; ಎರಡು ಕಾನೂನುಗಳನ್ನೂ ಉಳಿಸಿಕೊಳ್ಳುವ ನಡುದಾರಿ ಅದಾಗಿತ್ತು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2001ರಲ್ಲಿ ಪೂರ್ಣಪೀಠದಲ್ಲಿಯೂ ಅದನ್ನು ಎತ್ತಿಹಿಡಿಯಿತು.

2002ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಆ ಆದೇಶವನ್ನು ರದ್ದುಪಡಿಸಿತು. ಮುಖ್ಯ ನ್ಯಾಯಮೂರ್ತಿ ವಿಲಿಯಂ ರೆಹ್ನ್‌ಕ್ವಿಸ್ಟ್ ಬರೆದ ತೀರ್ಪಿನ ವಾದ ಹೀಗಿತ್ತು: ಈ ಹಣ ಮಾಡದ ಕೆಲಸಕ್ಕೆ, ನ್ಯಾಯಬದ್ಧವಾಗಿ ಗಳಿಸಲಾಗದಿದ್ದ ಸಂಬಳಕ್ಕೆ, ವಂಚನೆಯಿಂದ ಪಡೆದ ನೌಕರಿಗೆ ಸಂಬಂಧಿಸಿದ್ದು, ಇದನ್ನು ಕೊಡಿಸಿದರೆ 1986ರ ವಲಸೆ ಕಾಯ್ದೆಯ ನೀತಿಗೇ ಭಂಗ, ಅಲ್ಲದೆ ನಷ್ಟ ತಗ್ಗಿಸಿಕೊಳ್ಳಲು ಬೇರೆ ಕೆಲಸ ಹುಡುಕಬೇಕಾದ ಹೊಣೆಯನ್ನು ಅವನು ಇನ್ನೊಂದು ಉಲ್ಲಂಘನೆಯಿಲ್ಲದೆ ನಿರ್ವಹಿಸಲಾರ. ಸಂಸ್ಥೆ ತಪ್ಪಿಸಿಕೊಂಡಂತಾಗುವುದಿಲ್ಲವೇ ಎಂಬ ಪ್ರಶ್ನೆಗೆ, ಮತ್ತೆ ಹಾಗೆ ಮಾಡಕೂಡದೆಂಬ ಆಜ್ಞೆಯೂ ಸೂಚನಾಪತ್ರವನ್ನು ಅಂಟಿಸುವ ಕಟ್ಟಳೆಯೂ ಇವೆ, ಉಲ್ಲಂಘಿಸಿದರೆ ನ್ಯಾಯಾಂಗ ನಿಂದನೆಯಾಗುತ್ತದೆ, ಅಷ್ಟು ಸಾಕು ಎಂದು ಬಹುಮತ ಉತ್ತರಿಸಿತು.

ಭಿನ್ನಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್; ಸ್ಟೀವನ್ಸ್, ಸೌಟರ್ ಮತ್ತು ಗಿನ್ಸ್‌ಬರ್ಗ್ ಅವರೊಡನೆ ನಿಂತರು. ವಲಸೆ ಕಾನೂನಿನ ಜಾರಿಗೆ ಹೊಣೆಯಾದ ಸರ್ಕಾರದ ಕಾನೂನು ಇಲಾಖೆಯೇ ಮಂಡಳಿಯ ಆದೇಶ ತನ್ನ ನೀತಿಗೆ ಅಡ್ಡಿಯಲ್ಲವೆಂದು ನ್ಯಾಯಾಲಯಕ್ಕೆ ತಿಳಿಸಿತ್ತೆಂಬುದನ್ನು ಅವರು ನೆನಪಿಸಿದರು. ಎಂದಾದರೂ ಸಿಕ್ಕೀತೆಂಬ ಹಿಂಬಾಕಿಯ ಆಸೆಯಿಂದ ಗಡಿ ದಾಟಿ ಬರುವವರು ಯಾರೂ ಇಲ್ಲ; ಆದರೆ ಹಿಂಬಾಕಿ ಕೊಡಬೇಕಾಗಿಲ್ಲವೆಂದಾದರೆ, ಸಂಘ ಕಟ್ಟಿದವರನ್ನು ಕನಿಷ್ಠ ಒಮ್ಮೆಯಾದರೂ ಖರ್ಚಿಲ್ಲದೆ ಕಿತ್ತುಹಾಕಬಹುದೆಂದು ಮಾಲೀಕನಿಗೆ ಅರಿವಾಗುತ್ತದೆ, ದಾಖಲೆಯಿಲ್ಲದವರನ್ನೇ ನೇಮಿಸಿಕೊಳ್ಳುವ ಆಮಿಷ ಹೆಚ್ಚುತ್ತದೆ ಎಂಬುದು ಅವರ ವಾದದ ಜೀವಾಳ. ಚರಿತ್ರೆಯ ದೃಷ್ಟಿಯಿಂದ ನೋಡಿದಾಗ ಬಹುಮತಕ್ಕಿಂತ ಈ ವಾದವೇ ವ್ಯಾಗ್ನರ್ ಕಾಯ್ದೆಯ ರಚನೆಗೆ ಹತ್ತಿರವಾಗಿದೆ. ಹಿಂಬಾಕಿಯನ್ನು ಕಾರ್ಮಿಕನಿಗೆ ದಕ್ಕುವ ಲಾಭವೆಂದು ಮಾತ್ರ ಕಂಡ ಬಹುಮತ, ದಂಡ ವಿಧಿಸಲಾಗದ ಕಾಯ್ದೆಯೊಂದರಲ್ಲಿ ಕಾನೂನು ಮುರಿದವನು ತೆರಬೇಕಾದ ಬೆಲೆಯೂ ಅದೇ ಆಗಿತ್ತೆಂಬುದನ್ನು ಬದಿಗಿಟ್ಟಿತು. ಸುಳ್ಳು ಜನನಪತ್ರ ತೋರಿಸಿದ್ದು ತಪ್ಪೇ. ಆದರೆ 1989ರಲ್ಲಿ ಸಂಸ್ಥೆ ಅವನನ್ನು ತೆಗೆದದ್ದು ಆ ತಪ್ಪಿಗಲ್ಲ, ಚೀಟಿ ಹಂಚಿದ್ದಕ್ಕೆ.

ತೀರ್ಪಿನ ಪರಿಣಾಮ ನ್ಯಾಯಾಲಯದ ಒಳಗಿಗಿಂತ ಹೊರಗೆ ಬೇಗ ಹಬ್ಬಿತು. ಮೈಮುರಿದು ದುಡಿದ ದಿನಗಳ ಕೂಲಿಗೂ ದುಡಿಯಲು ಬಿಡದ ದಿನಗಳ ಹಿಂಬಾಕಿಗೂ ವ್ಯತ್ಯಾಸವಿದೆಯೆಂದೂ, ಮೊದಲನೆಯದನ್ನು ಯಾರಿಗೂ ತಪ್ಪಿಸುವಂತಿಲ್ಲವೆಂದೂ ಕಾರ್ಮಿಕ ಇಲಾಖೆ ಸ್ಪಷ್ಟಪಡಿಸಿತು. ಇತ್ತ ಸಮಾನ ಉದ್ಯೋಗಾವಕಾಶ ಆಯೋಗ, ತಾರತಮ್ಯಕ್ಕೆ ಗುರಿಯಾದ ದಾಖಲೆರಹಿತರ ಪರಿಹಾರದ ಬಗ್ಗೆ 1999ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು 2002ರ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. ಮಾಲೀಕರ ವಕೀಲರು ಯಾವ ಬಗೆಯ ದಾವೆಯಲ್ಲಿಯೂ ಮೊದಲು ವಲಸೆಯ ಕಾಗದವನ್ನು ಕೇಳತೊಡಗಿದರು. ಹಾಗೆ ಕೇಳುವುದಕ್ಕೆ ಅವಕಾಶ ಕೊಟ್ಟರೆ ಅನುಮತಿ ಇರುವವರೂ ಬಂಧುಬಳಗಕ್ಕೆ ತೊಂದರೆಯಾದೀತೆಂಬ ಭಯದಿಂದ ದೂರು ಹಿಂತೆಗೆದುಕೊಳ್ಳುತ್ತಾರೆಂದು ಕಂಡ ಒಂಬತ್ತನೆಯ ಮೇಲ್ಮನವಿ ನ್ಯಾಯಾಲಯ, ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರ ಮಹಿಳಾ ಕಾರ್ಮಿಕರು ಹೂಡಿದ್ದ ನಿಬ್ಕೊ ಮೊಕದ್ದಮೆಯಲ್ಲಿ 2004ರಲ್ಲಿ ಆ ಪ್ರಶ್ನೆಗಳಿಗೆ ತಡೆ ಹಾಕಿತು.

ಗಡಿಯಾಚೆಯ ಪ್ರತಿಕ್ರಿಯೆಯೂ ತಡವಾಗಲಿಲ್ಲ. 2002ರ ಮೇ ತಿಂಗಳಲ್ಲಿಯೇ ಮೆಕ್ಸಿಕೊ ಸರ್ಕಾರ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯದ ಸಲಹಾ ಅಭಿಪ್ರಾಯವನ್ನು ಕೋರಿತು. ಕೋಸ್ಟರಿಕದ ಸ್ಯಾನ್ ಹೊಸೆಯಲ್ಲಿರುವ ಆ ನ್ಯಾಯಾಲಯ 2003ರ ಸೆಪ್ಟೆಂಬರ್ 17ರಂದು ಒಮ್ಮತದಿಂದ ಹೇಳಿದ್ದು ಇದು: ಉದ್ಯೋಗ ಸಂಬಂಧ ಏರ್ಪಟ್ಟ ಕ್ಷಣದಿಂದ ಕಾರ್ಮಿಕನಿಗೆ ಹಕ್ಕುಗಳು ಹುಟ್ಟುತ್ತವೆ, ಅವನ ವಲಸೆಯ ಸ್ಥಿತಿ ಅವುಗಳನ್ನು ಕಿತ್ತುಕೊಳ್ಳಲು ಕಾರಣವಾಗದು, ಒಂದು ದೇಶ ಅನುಮತಿ ಇಲ್ಲದವನಿಗೆ ಕೆಲಸ ಕೊಡದಿರಬಹುದು, ಆದರೆ ಕೊಟ್ಟ ಮೇಲೆ ಭೇದ ಮಾಡಲಾಗದು. ಸಂಘಗಳ ದೂರಿನ ಮೇಲೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಂಘ ಸ್ವಾತಂತ್ರ್ಯ ಸಮಿತಿಯೂ ಅದೇ ವರ್ಷದ ನವೆಂಬರಿನಲ್ಲಿ, ಉಳಿದಿರುವ ಪರಿಹಾರಗಳು ಸಂಘವಿರೋಧಿ ತಾರತಮ್ಯವನ್ನು ತಡೆಯಲು ಸಾಲವೆಂದು ತೀರ್ಮಾನಿಸಿತು. ಈ ಎರಡರಲ್ಲಿ ಯಾವುದೂ ಅಮೆರಿಕದ ನ್ಯಾಯಾಲಯಗಳನ್ನು ಕಟ್ಟಿಹಾಕುವಂಥದ್ದಾಗಿರಲಿಲ್ಲ.

ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ದಾರಿ ಹುಡುಕಿದವು. ಕ್ಯಾಲಿಫೋರ್ನಿಯಾ ಶಾಸನಸಭೆ 2002ರಲ್ಲಿಯೇ ರಾಜ್ಯದ ಕಾರ್ಮಿಕ ರಕ್ಷಣೆಗಳಿಗೆ ವಲಸೆಯ ಸ್ಥಿತಿ ಅಡ್ಡಬಾರದೆಂದು ಕಾನೂನು ಮಾಡಿತು. ಅಲ್ಲಿನ ಸುಪ್ರೀಂ ಕೋರ್ಟು 2014ರಲ್ಲಿ ಸಿಯೆರಾ ಕೆಮಿಕಲ್ ಮೊಕದ್ದಮೆಯಲ್ಲಿ, ಮಾಲೀಕನಿಗೆ ವಿಷಯ ತಿಳಿದ ದಿನದವರೆಗಿನ ನಷ್ಟವನ್ನು ಕೊಡಿಸಬಹುದೆಂದಿತು. 1998ರಲ್ಲಿ ಮಂಡಳಿ ಎಳೆದಿದ್ದ ಗೆರೆ ಸರಿಸುಮಾರು ಅದೇ. ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2006ರಲ್ಲಿ ಕಟ್ಟಡದ ಕೆಲಸದಲ್ಲಿ ಗಾಯಗೊಂಡ ದಾಖಲೆರಹಿತರಿಗೆ ಮುಂದಿನ ಗಳಿಕೆಯ ನಷ್ಟವೂ ಸಲ್ಲುತ್ತದೆಯೆಂದು ಹೇಳಿತು.

ಕನ್ನಡಿಗರು ಹೆಚ್ಚಾಗಿ ಬಲ್ಲ ಅಮೆರಿಕದ ವಲಸೆ, ಎಚ್-1ಬಿ ವೀಸಾದ ಮೇಲೆ ಬೆಂಗಳೂರಿನಿಂದ ಹೋಗುವ ಸಾಫ್ಟ್‌ವೇರ್ ನೌಕರರದ್ದು, ಇದಕ್ಕಿಂತ ಬಹಳ ಬೇರೆ. ಅವರಿಗೆ ಅನುಮತಿ ಇದೆ, ಅವಧಿಗೆ ಮುನ್ನ ತೆಗೆದರೆ ತಾಯ್ನಾಡಿಗೆ ಮರಳುವ ಪ್ರಯಾಣದ ಖರ್ಚನ್ನು ಮಾಲೀಕ ಭರಿಸಬೇಕೆಂಬ ನಿಯಮವೂ ಇದೆ. ಆದರೂ ಅವರ ವಾಸದ ಹಕ್ಕು ನೌಕರಿಗೆ ಗಂಟುಬಿದ್ದಿರುವುದರಿಂದ ವಜಾದ ನಂತರ ಅವರಿಗೆ ಸಿಗುವುದು, 2017ರಲ್ಲಿ ಜಾರಿಗೆ ಬಂದ ನಿಯಮದಂತೆ, ಹೆಚ್ಚೆಂದರೆ 60 ದಿನ. ಅನ್ಯಾಯವಾಯಿತೆಂದು ಸಾಬೀತುಪಡಿಸಲು ವರ್ಷಗಳು ಬೇಕಾಗುವ ವ್ಯವಸ್ಥೆಯಲ್ಲಿ ಎರಡು ತಿಂಗಳು ಎಷ್ಟರ ಮಾತು ಎಂಬುದನ್ನು ಹಾಫ್‌ಮನ್ ಮೊಕದ್ದಮೆಯ ತಾರೀಖುಗಳೇ ತೋರಿಸುತ್ತವೆ.

ಹಾಫ್‌ಮನ್ ಪ್ರಕರಣದಲ್ಲಿ ಸುಳ್ಳು ದಾಖಲೆ ತಂದವನು ಕಾರ್ಮಿಕ. ಹಾಗಾದರೆ ಮಾಲೀಕನೇ ದಾಖಲೆ ಕೇಳದೆ ವಲಸೆ ಕಾಯ್ದೆಯನ್ನು ಮುರಿದಿದ್ದರೆ? ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮೆಜೋನೋಸ್ ಮೇವನ್ ಎಂಬ ಬೇಕರಿ ಐ-9 ನಮೂನೆಯನ್ನೇ ತುಂಬಿಸದೆ ಆಳುಗಳನ್ನು ಇಟ್ಟುಕೊಂಡಿತ್ತು. 2003ರಲ್ಲಿ ಮೇಲ್ವಿಚಾರಕನ ನಡವಳಿಕೆಯ ಬಗ್ಗೆ ಅವರು ಒಟ್ಟಾಗಿ ದೂರಿದಾಗ ಕೆಲಸದಿಂದ ತೆಗೆಯಿತು. ಇಲ್ಲಿಯಾದರೂ ಹಿಂಬಾಕಿ ಸಲ್ಲಬಹುದೆಂಬ ನಿರೀಕ್ಷೆ ಇತ್ತು. ಆದರೆ 2011ರಲ್ಲಿ ಮಂಡಳಿ, ಹಾಫ್‌ಮನ್ ತೀರ್ಪಿನ ಮಾತುಗಳು ಇದಕ್ಕೂ ಜಾಗ ಬಿಡುವುದಿಲ್ಲವೆಂದು ಹೇಳಿತು, 2013ರಲ್ಲಿ ಎರಡನೆಯ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿ, ಮರುನೇಮಕದ ಪ್ರಶ್ನೆಯನ್ನು ಮಾತ್ರ ಮಂಡಳಿಗೆ ಹಿಂದಿರುಗಿಸಿತು. 2015ರಲ್ಲಿ ಮಂಡಳಿಯ ಆದೇಶ ಹೊರಟಿತು: ಬೇಕರಿ ಆ ಕಾರ್ಮಿಕರನ್ನು ಮರಳಿ ಕೆಲಸಕ್ಕೆ ಕರೆಯಬೇಕು, ಹನ್ನೆರಡು ವರ್ಷಗಳ ಹಿಂದೆ ತಾನು ಕೇಳದೆ ಬಿಟ್ಟಿದ್ದ ದಾಖಲೆಗಳನ್ನು ಅವರು ತಕ್ಕಷ್ಟು ಅವಧಿಯಲ್ಲಿ ತಂದು ತೋರಿಸಿದರೆ. ಹಿಂಬಾಕಿ ಇಲ್ಲ.